ಸರ್ವಮಂಗಳಳ ಬಟವಾಡೆ ಹಣ ಎಲ್ಲಿಗೆ ಹೋಯಿತು?

ಅಕ್ಕಂದಿರೇ, ಅಣ್ಣಂದಿರೇ, ಒಂದು ಪ್ರಶ್ನೆಗೆ ಎದೆ ಮುಟ್ಟಿಕೊಂಡು ಉತ್ತರ ಹೇಳಿ. ಬ್ಯಾಂಕಿನಿಂದ ಇಂಗ್ಲಿಷಿನಲ್ಲಿ ಮೆಸೇಜು ಬಂದರೆ ನೀವು ಓದುತ್ತೀರಾ? ಇಲ್ಲ ತಾನೇ? ಸರ್ವಮಂಗಳಳೂ ಓದುತ್ತಿರಲಿಲ್ಲ. ಹಾಗಂತ ಅವಳು ದಡ್ಡಿಯಲ್ಲ. ಎಂಟು ಜನ ಹೆಂಗಸರನ್ನು ಕಟ್ಟಿಕೊಂಡು ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಮುಂದೆ ನಿಂತು ತೂಕದಲ್ಲಿ ಅರ್ಧ ಕೇಜಿ ವ್ಯತ್ಯಾಸ ಬಂದರೂ ಬಿಡದ ಹೆಂಗಸು. ಅಂಥವಳ ಜೇಬಿಗೇ ಕತ್ತರಿ ಬಿತ್ತು. ಹೇಗೆ ಅಂತ ಕೇಳಿ.

ಕುಶಾಲನಗರಕ್ಕೆ ಹತ್ತಿರದ ಒಂದು ಹಳ್ಳಿ. ಸರ್ವಮಂಗಳಳ ಗಂಡನ ಮನೆಯವರು ಹಾಸನದ ಕಡೆಯಿಂದ ಬಂದು ಅಲ್ಲಿ ನೆಲೆಸಿದವರು. ಕಾಫಿ ಹಣ್ಣಾಯಿತೆಂದರೆ ಸರ್ವಮಂಗಳ ಪಿಕ್ಕಿಂಗ್ ಗುಂಪಿನ ಮೇಸ್ತ್ರಿ. ಬೆಳಿಗ್ಗೆ ಏಳಕ್ಕೆ ಹೆಂಗಸರೆಲ್ಲ ಅವಳ ಗಂಡ ನಾಗರಾಜುವಿನ ಜೀಪು ಹತ್ತುತ್ತಾರೆ, ಸಂಜೆ ಅದೇ ಜೀಪಿನಲ್ಲಿ ಇಳಿಯುತ್ತಾರೆ. ಹಿಂದಿನ ವಾರದ ಕೂಲಿಯನ್ನು ರೈಟರು ಸೋಮವಾರ ಒಟ್ಟಿಗೆ ಸರ್ವಮಂಗಳಳ ಖಾತೆಗೆ ಹಾಕುತ್ತಾರೆ. ಶನಿವಾರ ಸಂಜೆ ಅವಳು ಎಟಿಎಂನಿಂದ ತೆಗೆದು, ಜೀಪಿನ ಬಾನೆಟ್ಟಿನ ಮೇಲೆ ಇಟ್ಟು, ಒಬ್ಬೊಬ್ಬರಿಗೇ ಬಟವಾಡೆ ಮಾಡುತ್ತಾಳೆ. ಆರು ವರ್ಷದಿಂದ ಹೀಗೇ ನಡೆದಿತ್ತು. ಒಂದು ಸಲವೂ ಒಂದು ಮಾತು ಬಂದಿರಲಿಲ್ಲ.

ಇನ್ನೊಂದು ವಿಷಯಕ್ಕೂ ಆ ಗುಂಪು ಹೆಸರುವಾಸಿ. ಹಾಡು! ಸರ್ವಮಂಗಳ ಒಂದು ಸಣ್ಣ ಸ್ಪೀಕರನ್ನು ಕಾಫಿ ಗಿಡದ ಕೊಂಬೆಗೆ ತೂಗುಹಾಕಿ ಫೋನಿನಲ್ಲಿ ಹಾಡು ಹಚ್ಚುತ್ತಿದ್ದಳು. ಹಾಡು ಕೇಳುತ್ತಾ ಕುಯ್ದರೆ ಸಾಲು ಮುಗಿದದ್ದೇ ತಿಳಿಯುತ್ತಿರಲಿಲ್ಲ. ಪಕ್ಕದ ಎಸ್ಟೇಟಿನವರು ಕರೆದರೂ ಹೆಂಗಸರು ಹೋಗುತ್ತಿರಲಿಲ್ಲ. ಆದರೆ ಮೊದಮೊದಲು ಎರಡು ಹಾಡಿಗೊಮ್ಮೆ ಜಾಹೀರಾತು ಬಂದು ಕಿರುಚುತ್ತಿತ್ತು. ಮಧ್ಯೆ ಮೆಸೇಜು ಬಂದರೆ ಹಾಡು ಟಕ್ಕಂತ ನಿಲ್ಲುತ್ತಿತ್ತು.

"ಏ ಮಂಗಳಾ, ಚೆನ್ನಾಗಿ ಹಾಡೋ ಹೊತ್ತಿಗೇ ಅದ್ಯಾವಳೋ ಬಂದು ಸೋಪು ಮಾರ್ತಾಳಲ್ಲ, ಅವಳನ್ನ ಓಡ್ಸೇ!" ಎಂದು ಲಿಂಗಮ್ಮ ಸಾಲಿನ ಆಚೆಯಿಂದ ಕೂಗುತ್ತಿದ್ದಳು. ಲಿಂಗಮ್ಮ ಗುಂಪಿನಲ್ಲಿ ಹಿರಿಯಳು. ಅವಳ ಮಾತೇ ಉಳಿದವರ ಮಾತು.

ಓಡಿಸಬೇಕಲ್ಲ! ಹಾಡಿನ ಆಪಿನಲ್ಲಿ ಒಂದು ದಿನ ದೊಡ್ಡದಾಗಿ ಬಂತು: ಒಂದು ರೂಪಾಯಿ ಕೊಡಿ, ಜಾಹೀರಾತು ಇಲ್ಲದೆ ಹಾಡು ಕೇಳಿ. ಒಂದು ರೂಪಾಯಿ ತಾನೇ? ಸರ್ವಮಂಗಳ ಒತ್ತಿಯೇಬಿಟ್ಟಳು. ಮೆಸೇಜಿನ ಸದ್ದನ್ನೂ ಬಂದ್ ಮಾಡಿದಳು. ಇನ್ನು ಫೋನಿನ ಬೀಗದ ವಿಷಯ. ಕಾಫಿ ಹಣ್ಣಿನ ಅಂಟು ಹತ್ತಿದ ಬೆರಳನ್ನು ಯಾವ ಫೋನೂ ಗುರುತು ಹಿಡಿಯುವುದಿಲ್ಲ. ಹಾಗಾಗಿ ಬೀಗವನ್ನೇ ತೆಗೆದಳು. ದುಡ್ಡು ಕಳಿಸುವ ಪಿನ್ ನಂಬರನ್ನೂ ಮನೆಯವರಿಗೆಲ್ಲ ಹೇಳಿಕೊಟ್ಟಳು. ಕೈಗೆ ಹಿಟ್ಟು ಮೆತ್ತಿದ್ದಾಗ "ಅತ್ತೆ, ಒಸಿ ನಂಬರ್ ಒತ್ತಿ, ಹಾಲಿನವನಿಗೆ ಹೋಗ್ಲಿ" ಎನ್ನುವುದು ದಿನದ ಮಾತಾಯಿತು. ನಾಲ್ಕು ತಪ್ಪು, ನಾಲ್ಕೂ ಕೆಲಸ ಸಲೀಸಾಗಲಿ ಅಂತ ಮಾಡಿದ್ದು. ಯಾರನ್ನು ದೂರುತ್ತೀರಿ?

ಅದಾಗಿ ಹತ್ತು ಹನ್ನೆರಡು ದಿನ ಕಳೆದ ಮೇಲೆ ಎರಡು ವಾರ ಬಟವಾಡೆಯಲ್ಲಿ ಮುನ್ನೂರು ಮುನ್ನೂರು ರೂಪಾಯಿ ಕಡಿಮೆ ಬಿತ್ತು. ಎಲ್ಲೋ ತಾನೇ ಲೆಕ್ಕ ತಪ್ಪಿರಬೇಕು ಎಂದುಕೊಂಡು ಸರ್ವಮಂಗಳ ತನ್ನ ಪಾಲಿನ ಕೂಲಿಯಿಂದ ತುಂಬಿಸಿ ಸುಮ್ಮನಾದಳು. ಮೇಸ್ತ್ರಿಯಾಗಿ ಲೆಕ್ಕ ತಪ್ಪಿದೆ ಅಂತ ಹೇಳಿಕೊಳ್ಳಲು ಅವಳಿಗೆ ನಾಚಿಕೆ. ಮೂರನೆಯ ಶನಿವಾರ ಎಟಿಎಂ ಮುಂದೆ ನಿಂತು ಎರಡೆರಡು ಸಲ ಲೆಕ್ಕ ಹಾಕಿದಳು. ಒಂದೇ ವಾರಕ್ಕೆ ಸಾವಿರದ ಇನ್ನೂರು ರೂಪಾಯಿ ಇಲ್ಲ! ತನ್ನ ಪಾಲನ್ನು ಬುಧವಾರವೇ ತೆಗೆದು ಸಿಲಿಂಡರಿಗೆ, ದಿನಸಿಗೆ ಕೊಟ್ಟಾಗಿತ್ತು. ತುಂಬಿಸಲು ಕೈಯಲ್ಲಿ ಏನೂ ಇರಲಿಲ್ಲ.

ಏಳು ಜನಕ್ಕೆ ಪೂರ್ತಿ ಕೊಟ್ಟಳು. ಲಿಂಗಮ್ಮನ ಸರದಿ ಬಂದಾಗ ನೋಟು ಮುಗಿಯಿತು.

"ಲಿಂಗಮ್ಮಕ್ಕ, ಇಷ್ಟು ಇಟ್ಕೊ. ಸಾವಿರದ ಇನ್ನೂರು ಬಾಕಿ ಐತೆ. ಏನೋ ಹೆಚ್ಚು ಕಮ್ಮಿ ಆಗೈತೆ ಕಣಕ್ಕ."

ಲಿಂಗಮ್ಮ ಒಮ್ಮೆ ನೋಟು ನೋಡಿದಳು, ಒಮ್ಮೆ ಸರ್ವಮಂಗಳಳ ಮುಖ ನೋಡಿದಳು. "ರೈಟರು ಪೂರ್ತಿ ಹಾಕಿವ್ನಿ ಅಂತ ಮಧ್ಯಾಹ್ನವೇ ನನ್ನ ಎದುರಿಗೇ ಅಂದ್ರಲ್ಲವ್ವ?"

"ಅವ್ರು ಹಾಕವ್ರೆ. ನನ್ನ ಖಾತೆಯಿಂದಾನೇ ಹೋಗೈತೆ."

"ನಿನ್ನ ಖಾತೆಯಿಂದ ನೀನು ತೆಗೀದೆ ಇನ್ಯಾರು ತೆಗೀತಾರೆ?" ಲಿಂಗಮ್ಮ ಜೋರಾಗಿ ಹೇಳಲಿಲ್ಲ. ಅದೇ ಹೆಚ್ಚು ಚುಚ್ಚಿತು. "ನೋಡು ಮಂಗಳಾ, ನನಗೆ ದುಡ್ಡಿನ ಅವಸರ ಇಲ್ಲ. ಎಲ್ಲಿ ಹೋಯ್ತು ಅನ್ನೋದು ಬೇಕು. ಸೋಮವಾರ ಜೀಪು ಹತ್ತೋದಕ್ಕೆ ಮುಂಚೆ ಹೇಳು. ಹೇಳಕ್ಕಾಗಲ್ಲ ಅಂದ್ರೆ ನಾವು ಬೇರೆ ಮೇಸ್ತ್ರಿ ನೋಡ್ಕೊತೀವಿ."

ಉಳಿದ ಏಳು ಜನರಲ್ಲಿ ಒಬ್ಬರಾದರೂ "ಏ ಹಾಗನ್ಬೇಡ" ಅನ್ನಬಹುದಿತ್ತು. ಎಲ್ಲರೂ ಚಪ್ಪಲಿ ನೋಡುತ್ತಾ ಹೊರಟುಹೋದರು. ಆರು ವರ್ಷ ಕಷ್ಟಪಟ್ಟು ಗಳಿಸಿದ ಹೆಸರು ಒಂದು ಸಂಜೆಯಲ್ಲಿ ಮಣ್ಣುಪಾಲಾಗುತ್ತಿತ್ತು.

ಮನೆಗೆ ಬಂದವಳೇ ಗಂಡನ ಮೇಲೆ ಹರಿಹಾಯ್ದಳು. ಫೋನಿನಲ್ಲಿ ಮೆಸೇಜುಗಳನ್ನು ತೆರೆದು ನೋಡಿದರೆ ಒಂದು ಕಡೆ ಹಾಡಿನ ಆಪಿಗೆ ಎಂಟುನೂರ ತೊಂಬತ್ತೊಂಬತ್ತು ಹೋಗಿತ್ತು. ಇನ್ನು ಮೂರು ಕಡೆ ಯಾವುದೋ ಗೊತ್ತಿಲ್ಲದ ಹೆಸರಿಗೆ ಇನ್ನೂರ ತೊಂಬತ್ತೊಂಬತ್ತು, ಇನ್ನೂರ ತೊಂಬತ್ತೊಂಬತ್ತು, ಇನ್ನೂರ ತೊಂಬತ್ತೊಂಬತ್ತು.

"ಇದ್ಯಾರ್ರೀ ಇದು? ವಾರ ವಾರ ಯಾರಿಗೆ ಕಳಿಸ್ತಿದ್ದೀರಿ? ಮತ್ತೆ ಇಸ್ಪೀಟು ಶುರು ಹಚ್ಕೊಂಡ್ರಾ?"

ನಾಗರಾಜು ಇಸ್ಪೀಟು ಬಿಟ್ಟು ಎಂಟು ವರ್ಷವಾಗಿತ್ತು. ಅವನ ಮುಖ ಕೆಂಪಾಯಿತು. "ಎಲ್ಲ ಬಿಟ್ಟು ಮನುಷ್ಯನಾಗಿ ಬದುಕ್ತಾ ಇದ್ರೂ ಇದೇ ಮಾತಾ? ನಿನ್ನ ಫೋನ್ ನಾನು ಮುಟ್ಟಿದ್ರೆ ಕೇಳು!" ಎಂದು ತಟ್ಟೆಯ ಮುಂದಿನಿಂದ ಎದ್ದುಹೋದ. ಅತ್ತೆ ಚಲುವಮ್ಮ ಒಲೆಯ ಮುಂದೆ ಕೂತು ಮಾತೇ ಆಡಲಿಲ್ಲ. ಬಾಯಿ ಬಿಟ್ಟರೆ ನಿಲ್ಲಿಸದ ಹೆಂಗಸು ಅವತ್ತು ಯಾಕೆ ಸುಮ್ಮನಿದ್ದಾರೆ ಅಂತ ಆ ಗಲಾಟೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಸರ್ವಮಂಗಳ ಸಿಟ್ಟಿನಲ್ಲಿ ಹಾಡಿನ ಆಪನ್ನು ಅಳಿಸಿಹಾಕಿದಳು. "ಮುಗೀತು ಇದರ ಕಥೆ" ಎಂದಳು. ಪಾಪ, ಮುಗಿದಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಊರಿನ ಗ್ರಂಥಾಲಯಕ್ಕೆ ಹೊರಟು ನಿಂತಳು. ಈಗ ಅದನ್ನು ಅರಿವು ಕೇಂದ್ರ ಎನ್ನುತ್ತಾರೆ. ಅಲ್ಲಿ ಕಂಪ್ಯೂಟರಿದೆ, ಅದಕ್ಕಿಂತ ಮುಖ್ಯವಾಗಿ ಅಲ್ಲಿ ತೇಜಸ್ವಿನಿ ಇದ್ದಾಳೆ. ಪಿಂಚಣಿ ಅರ್ಜಿಯಿಂದ ಹಿಡಿದು ಪಹಣಿಯವರೆಗೆ ಊರಿನವರ ಕಾಗದವನ್ನೆಲ್ಲ ಬಿಡಿಸಿ ಹೇಳುವ ಗ್ರಂಥಪಾಲಕಿ. ನಾಗರಾಜು ಬಾಗಿಲಲ್ಲೇ ಅಡ್ಡ ನಿಂತ.

"ಹೋದ ದುಡ್ಡು ಹೋಯ್ತು ಬುಡು. ಆ ಕಂಪನಿ ಎಲ್ಲೈತೋ, ಯಾರದೋ. ನಾವು ಹೋಗಿ ಕೇಳಿದ್ರೆ ಕೊಡ್ತಾರಾ? ಊರೆಲ್ಲ ನಗ್ತದೆ ಅಷ್ಟೇ."

"ಊರು ಈಗ್ಲೇ ನಗ್ತಾ ಐತೆ. ನಾಳೆ ಬೆಳಿಗ್ಗೆ ನಿಮ್ಮ ಜೀಪಿಗೆ ಯಾರೂ ಹತ್ತದೆ ಇದ್ದಾಗ ಗೊತ್ತಾಗ್ತದೆ" ಎಂದು ಸರ್ವಮಂಗಳ ಚಪ್ಪಲಿ ಮೆಟ್ಟಿದಳು.

ಆ ಮಾತು ನಾಟಿತು. ನಾಗರಾಜು ಗೊಣಗುತ್ತಲೇ ಹಿಂದೆ ಬಂದ. "ನಾನೂ ಬತ್ತೀನಿ" ಎಂದು ಚಲುವಮ್ಮನೂ ಮಂಡಿನೋವು ಹೇಳಿಕೊಳ್ಳದೆ ಹೊರಟರು.

ತೇಜಸ್ವಿನಿ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಹಣ ಕಳಿಸುವ ಆಪನ್ನೇ ತೆರೆಯಲು ಸರ್ವಮಂಗಳಳಿಗೆ ಹೇಳಿದಳು. "ಅಕ್ಕ, ಇಲ್ಲಿ ನಿಮ್ಮ ಹೆಸರಿನ ಚಿತ್ರ ಇದೆಯಲ್ಲ, ಅದನ್ನ ಒತ್ತಿ. ಕೆಳಗೆ 'ಆಟೋಪೇ' ಅಂತಿದೆ, ನೋಡಿ, ತಾನಾಗೇ ದುಡ್ಡು ಕಡಿಯೋರ ಪಟ್ಟಿ ಅದು. ಅದನ್ನ ಒತ್ತಿ."

ಒತ್ತಿದರೆ ಎರಡು ಹೆಸರು ಎದ್ದು ಬಂದವು. ಒಂದು ಹಾಡಿನ ಆಪು. ಇನ್ನೊಂದು ಆ ಗೊತ್ತಿಲ್ಲದ ಹೆಸರು. ಅದರ ಎದುರಿಗೆ ಮುಂದಿನ ಕಂತು ಮಂಗಳವಾರ ಎಂದಿತ್ತು.

"ಅಯ್ಯೋ ಶಿವನೇ! ನಾಡಿದ್ದು ಮತ್ತೆ ಹೋಗ್ತಿತ್ತಾ? ಅಲ್ಲ ಕಣೇ ತೇಜು, ಹಾಡಿನ ಆಪು ನೆನ್ನೆನೇ ಅಳಿಸಿಹಾಕಿದ್ನಲ್ಲ! ಇನ್ನೂ ಯಾಕೆ ಕುಂತೈತೆ ಇಲ್ಲಿ?"

"ಅಳಿಸಿದ್ದು ಆಪು ಮಾತ್ರ ಅಕ್ಕ. ದುಡ್ಡು ಕಡಿತಾ ಇರಿ ಅಂತ ನೀವು ಬ್ಯಾಂಕಿಗೆ ಕೊಟ್ಟ ಒಪ್ಪಿಗೆ ಹಾಗೇ ಇದೆ. ಪೇಪರ್ ಹಾಕೋ ಹುಡುಗನಿಗೆ ಬೇಡ ಅಂತ ಹೇಳದೆ ಬಾಗಿಲು ಮುಚ್ಚಿಕೊಂಡ್ರೆ ಅವನು ತಿಂಗಳ ಕೊನೆಗೆ ಬಿಲ್ ತರೋದು ನಿಲ್ಲುತ್ತಾ? ಹಾಗೇ ಇದು. ಆ ಒಂದು ರೂಪಾಯಿ ಒತ್ತಿದ್ರಲ್ಲ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇತ್ತು. ತಿಂಗಳಾದ ಮೇಲೆ ಇಡೀ ವರ್ಷದ ದುಡ್ಡು ಒಟ್ಟಿಗೆ ತಗೋತೀವಿ ಅಂತ."

"ಹಂಗಂತ ಬಾಯಿ ಬಿಟ್ಟು ಹೇಳಿದ್ರೆ ನಾನು ಒತ್ತುತಿದ್ನಾ?"

"ಅದಕ್ಕೇ ಅವರು ಬಾಯಿ ಬಿಟ್ಟು ಹೇಳಲ್ಲ" ಎಂದು ತೇಜಸ್ವಿನಿ ನಕ್ಕಳು. "ಕಡಿಯೋ ಮುಂಚೆ ನಿಮಗೆ ಮೆಸೇಜು ಬರಲೇಬೇಕು, ಬಂದೂ ಇದೆ. ನೋಡಿ, ಹಿಂದಿನ ದಿನ ಬೆಳಿಗ್ಗೆ ಹತ್ತೂಕಾಲಿಗೆ."

ಹತ್ತೂಕಾಲಿಗೆ ಸರ್ವಮಂಗಳ ಕಾಫಿ ಸಾಲಿನಲ್ಲಿದ್ದಳು. ಸದ್ದು ಬಂದ್ ಆಗಿತ್ತು. ಹಾಡು ನಿಲ್ಲಬಾರದಲ್ಲ!

"ಸರಿ, ಈ ಎರಡನೇದು ಒಂದು ಆಟ. ಹಣ್ಣು ಜೋಡಿಸೋ ಆಟ. ಮನೇಲಿ ಯಾರು ಆಡ್ತೀರಿ?" ಎಂದು ತೇಜಸ್ವಿನಿ ಕೇಳಿದಳು.

ಸರ್ವಮಂಗಳ ಗಂಡನ ಕಡೆ ತಿರುಗಿದಳು. ನಾಗರಾಜು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಸಣ್ಣ ದನಿ ಬಂತು.

"ಅವನನ್ನ ಬೈಬೇಡ ಕಣವ್ವ. ನಾನೇ."

ಮೂವರೂ ತಿರುಗಿದರು. ಚಲುವಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಅರವತ್ತಾರು ವರ್ಷದ ಹೆಂಗಸು, ಹೋದ ವರ್ಷದವರೆಗೂ ಸೊಸೆಯ ಜೊತೆ ಕಾಫಿ ಕುಯ್ದವರು. ಮಂಡಿ ಹಿಡಿದುಕೊಂಡ ಮೇಲೆ ಮನೆಯಲ್ಲೇ ಉಳಿದರು. ಸಂಜೆ ಸೊಸೆ ಅಡುಗೆಗೆ ಹೋದರೆ ಫೋನು ಅವರ ಕೈಗೆ ಬರುತ್ತಿತ್ತು.

"ದಿನವೆಲ್ಲ ಒಬ್ಳೇ ಕುಂತಿರ್ತೀನಿ. ಕೈ ಸುಮ್ನಿದ್ರೆ ನನಗಾಗಲ್ಲ. ಆ ಆಟದಲ್ಲಿ ಹಣ್ಣು ಕುಯ್ದು ಕುಯ್ದು ಹಾಕ್ತಿದ್ರೆ ತೋಟದಲ್ಲಿ ಇದ್ದಂಗೇ ಅನ್ನಿಸ್ತದೆ. ಇನ್ನೂರ ಹನ್ನೆರಡನೇ ಮಟ್ಟಕ್ಕೆ ಬಂದಿದ್ದೆ. ಒಂದಿನ ಜೀವ ಮುಗೀತು, ಒಂದು ರೂಪಾಯಿ ಕೊಡು ಅಂತು. ಒಂದು ರೂಪಾಯಿ ತಾನೇ ಅಂತ ನಂಬರ್ ಒತ್ತಿದೆ. ಆಮೇಲೆ ಅದು ನನ್ನ ಏನೂ ಕೇಳ್ಲೇ ಇಲ್ಲವ್ವ. ನೆನ್ನೆ ನೀವು ಹೊಡೆದಾಡೋವಾಗ ಹೇಳಬೇಕು ಅನ್ನಿಸ್ತು. ಹೆದರಿಕೆ ಆಯ್ತು. ನನ್ನಿಂದ ನಿನ್ನ ಹೆಸರು ಹೋಯ್ತಲ್ಲ ಮಂಗಳಾ..." ಎಂದು ಅತ್ತೇಬಿಟ್ಟರು.

ಸರ್ವಮಂಗಳಳಿಗೆ ಮೊದಲು ಮೈ ಉರಿಯಿತು. ಒಂದು ಮಾತು ನಾಲಿಗೆಯ ತುದಿಗೂ ಬಂತು. ಆದರೆ ಅತ್ತೆ ಒಂದು ರೂಪಾಯಿಗೆ ಮಾಡಿದ್ದು ಏನು, ತಾನು ಒಂದು ರೂಪಾಯಿಗೆ ಮಾಡಿದ್ದು ಏನು? ಇಬ್ಬರೂ ಬಿದ್ದದ್ದು ಒಂದೇ ಗುಂಡಿಗೆ. ಅವಳು ಹೋಗಿ ಅತ್ತೆಯ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದಳು. ಗಂಡನ ಮುಖ ನೋಡಲು ನಾಚಿಕೆಯಾಗಿ "ನೆನ್ನೆ ಅಂದಿದ್ದು ತಪ್ಪಾಯ್ತು ಕಣ್ರೀ" ಎಂದಳು. "ಆಯ್ತು ಬುಡು" ಎಂದು ನಾಗರಾಜು ಕಿಟಕಿಯಾಚೆ ನೋಡಿದ.

"ಅಜ್ಜಿ, ಆಟ ಆಡೋದು ತಪ್ಪಲ್ಲ. ಅಳಬೇಡಿ" ಎಂದು ತೇಜಸ್ವಿನಿ ಆ ಆಟವನ್ನು ತೆರೆದು ತೋರಿಸಿದಳು. "ಇಲ್ಲಿ ನೋಡಿ. 'ಬೇಕು' ಅನ್ನೋದು ಎಷ್ಟು ದೊಡ್ಡ ಹಸಿರು ಗುಂಡಿ! 'ಬೇಡ' ಅನ್ನೋದು ಎಲ್ಲಿದೆ, ಹುಡುಕಿ ನೋಡೋಣ."

ಚಲುವಮ್ಮ ಕಣ್ಣು ಕಿರಿದು ಮಾಡಿ ನೋಡಿದರು. ನಾಗರಾಜು ಬಗ್ಗಿ ನೋಡಿದ. ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಒಂದು ಬೂದು ಗುರುತು. ಅದೇ 'ಬೇಡ'. ಅದರ ಕೆಳಗೆ ಮಸುಕು ಅಕ್ಷರದಲ್ಲಿ, ಮೂರು ದಿನದ ನಂತರ ವಾರಕ್ಕೆ ಇನ್ನೂರ ತೊಂಬತ್ತೊಂಬತ್ತು ಎಂದಿತ್ತು.

"ನನ್ನ ಕಣ್ಣೇ ಸರಿಯಿಲ್ಲ ಕಣವ್ವ."

"ನಿಮ್ಮ ಕಣ್ಣಿನ ತಪ್ಪಲ್ಲ ಅಜ್ಜಿ. ಕಾಣಬಾರದು ಅಂತಲೇ ಹಾಗೆ ಬರೆದಿರೋದು. ಇನ್ನೊಂದು ನೋಡಿ. ಈ ಬುಟ್ಟಿ ಬೇಕಾದ್ರೆ ತೊಂಬತ್ತು ಮುತ್ತು ಕೊಡಬೇಕು. ಮುತ್ತನ್ನ ಅವರು ಎಂಬತ್ತು ಎಂಬತ್ತರ ಕಟ್ಟಾಗಿ ಮಾತ್ರ ಮಾರ್ತಾರೆ. ಒಂದು ಕಟ್ಟು ತಗೊಂಡ್ರೆ ಸಾಲಲ್ಲ, ಎರಡು ತಗೊಂಡ್ರೆ ಉಳೀತದೆ. ಉಳಿದಿದ್ದನ್ನ ಖರ್ಚು ಮಾಡೋಕೆ ಮತ್ತೆ ಆಡಬೇಕು, ಮತ್ತೆ ಕೊಳ್ಳಬೇಕು."

ಚಲುವಮ್ಮನ ಅಳು ಅಲ್ಲಿಗೆ ನಿಂತಿತು. "ಎಲಾ ಇವರ! ಸಂತೇಲಿ ಯಾವನಾದ್ರೂ ಹಿಂಗೆ ಮೆಣಸಿನಕಾಯಿ ಮಾರಿದ್ದಿದ್ರೆ ಅವನ ತಕ್ಕಡಿ ಕಿತ್ಕೊಂಡು ಬರ್ತಿದ್ದೆ!"

"ಹಾಗಿದ್ರೆ ಈಗಲೂ ಬಿಡಬೇಡಿ" ಎಂದಳು ತೇಜಸ್ವಿನಿ. ನಾಗರಾಜು ಮಾತ್ರ ಇನ್ನೂ ತಲೆ ಆಡಿಸುತ್ತಿದ್ದ.

"ಅಲ್ಲ ಕಣಮ್ಮ, ಒಪ್ಪಿ ಒತ್ತಿರೋದು ನಾವೇ ತಾನೆ? ದೊಡ್ಡ ಕಂಪನಿ ಮುಂದೆ ನಾವ್ಯಾವ ಲೆಕ್ಕ?"

"ಅಣ್ಣ, ಮೊನ್ನೆ ಟೂರಿಸ್ಟ್‌ಗಳನ್ನ ಕರ್ಕೊಂಡು ದುಬಾರೆ ಕಡೆ ಹೋಗಿದ್ರಲ್ಲ, ದಾರೀಲಿ ಒಂದು ಅಂಗಡಿಯವನು ಇಪ್ಪತ್ತು ರೂಪಾಯಿ ನೀರಿನ ಬಾಟ್ಲಿಗೆ ನಲವತ್ತು ಕೇಳ್ದ ಅಂತ ಗಲಾಟೆ ಮಾಡಿದ್ದು ಯಾರು? ಊರಿಗೆಲ್ಲ ಹೇಳಿಕೊಂಡು ಓಡಾಡಿದ್ರಲ್ಲ?"

"ಮತ್ತೆ? ಬಾಟ್ಲಿ ಮೇಲೆ ಬೆಲೆ ಅಚ್ಚು ಹಾಕೈತೆ. ಅದಕ್ಕಿಂತ ಜಾಸ್ತಿ ಹೆಂಗೆ ತಗೋತಾನೆ? ಕೊಡಲ್ಲ ಅಂದೆ. ಇಪ್ಪತ್ತಕ್ಕೇ ಕೊಟ್ಟ."

"ಇಪ್ಪತ್ತು ರೂಪಾಯಿಗೆ ಅಷ್ಟು ಗಂಡಸುತನ. ಸಾವಿರದ ಎಂಟುನೂರರ ಹತ್ತಿರ ಹೋಗಿರೋದಕ್ಕೆ ಬಾಯಿಗೆ ಬೀಗ! ಅಂಗಡಿಯವನು ಎದುರಿಗೆ ಕಾಣ್ತಾನೆ, ಇವನು ಕಾಣಲ್ಲ, ಅಷ್ಟೇ ವ್ಯತ್ಯಾಸ. ಸುಲಭವಾಗಿ ಸೇರಿಸಿಕೊಂಡು, ಬಿಡೋಕೆ ದಾರಿ ಕಾಣದ ಹಾಗೆ ಮಾಡೋದಕ್ಕೆ ಚಂದಾ ಬಲೆ ಅಂತಾರೆ. ಅದು ತಪ್ಪು ಅಂತ ಕೇಂದ್ರ ಸರ್ಕಾರ ಎರಡು ಸಾವಿರದ ಇಪ್ಪತ್ಮೂರರಲ್ಲೇ ನಿಯಮ ಮಾಡಿದೆ. ದುಡ್ಡು ವಾಪಸ್ ಬಂದೇ ಬರುತ್ತೆ ಅಂತ ನಾನು ಆಣೆ ಹಾಕಲ್ಲ. ಆದರೆ ಕೇಳದೆ ಇದ್ರೆ ಬರಲ್ಲ ಅನ್ನೋದು ಗ್ಯಾರಂಟಿ."

ನಾಗರಾಜುವಿಗೆ ನಗು ಬಂತು. ಕುರ್ಚಿ ಎಳೆದುಕೊಂಡು ಹತ್ತಿರ ಕೂತ.

ಮೊದಲು ಸರ್ವಮಂಗಳ ತನ್ನ ಕೈಯಾರೆ ಎರಡೂ ಆಟೋಪೇಯನ್ನು ರದ್ದು ಮಾಡಿದಳು. ಮಂಗಳವಾರದ ಕಂತು ಅಲ್ಲಿಗೇ ನಿಂತಿತು. ಪ್ಲೇ ಸ್ಟೋರಿನಲ್ಲಿ 'ಸಬ್‌ಸ್ಕ್ರಿಪ್ಷನ್' ಎನ್ನುವ ಪಟ್ಟಿಯನ್ನೂ ತೆರೆದು, ಅಲ್ಲಿ ಇನ್ನೇನೂ ಅಡಗಿಲ್ಲ ಎಂದು ನೋಡಿಕೊಂಡರು. ಕಡಿತವಾದ ಮೆಸೇಜುಗಳ ಫೋಟೊ ಹಿಡಿದರು. ಎರಡೂ ಕಂಪನಿಗೆ 'ಹೆಲ್ಪ್' ಎಂದಿದ್ದಲ್ಲಿ ದೂರು ಬರೆದರು. ಪಿನ್ ನಂಬರ್ ಬದಲಾಯಿಸಿದರು. ಹೊಸ ನಂಬರನ್ನು ಸರ್ವಮಂಗಳ ಯಾರಿಗೂ ಹೇಳಲಿಲ್ಲ. "ಇನ್ನು ಹಾಲಿನವನು ನಾನು ಕೈ ತೊಳೆಯೋವರೆಗೂ ಕಾಯ್ಲಿ" ಎಂದಳು.

ಹಾಡಿನ ಕಂಪನಿಯ ಉತ್ತರ ಹತ್ತೇ ನಿಮಿಷದಲ್ಲಿ ಬಂತು. ನೀವು ಒಪ್ಪಿದ್ದೀರಿ, ಹಣ ವಾಪಸ್ ಇಲ್ಲ, ನಿಮ್ಮ ದಿನ ಶುಭವಾಗಲಿ!

"ಶುಭ ಅಂತೆ, ಶುಭ!" ಎಂದು ಚಲುವಮ್ಮ ಸಿಡುಕಿದರು.

"ಇದನ್ನೂ ಫೋಟೊ ಹಿಡೀರಿ. ಈಗ ಒಂದು ಒಂಬತ್ತು ಒಂದು ಐದಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು" ಎಂದಳು ತೇಜಸ್ವಿನಿ.

"ನೀನೇ ಮಾತಾಡು ತೇಜು."

"ಇಲ್ಲಕ್ಕ. ದುಡ್ಡು ನಿಮ್ಮದು, ದನಿಯೂ ನಿಮ್ಮದೇ ಇರಲಿ."

ಸರ್ವಮಂಗಳ ಗಂಟಲು ಸರಿಮಾಡಿಕೊಂಡಳು. ಮೊದಲೆರಡು ಮಾತು ತಡವರಿಸಿತು. ಮೂರನೆಯ ಮಾತಿಗೆ ರೈಟರ ಮುಂದೆ ನಿಲ್ಲುವ ಮೇಸ್ತ್ರಿ ಎಚ್ಚರವಾದಳು. ಯಾವ ದಿನ ಎಷ್ಟು ಹೋಯಿತು, ಎಲ್ಲಿ ಸಣ್ಣ ಅಕ್ಷರ ಇತ್ತು, ಕಂಪನಿ ಏನು ಬರೆಯಿತು, ಎಲ್ಲವನ್ನೂ ಒಂದೊಂದಾಗಿ ಹೇಳಿದಳು. ಆ ಕಡೆಯವರು ತಾಳ್ಮೆಯಿಂದ ಬರೆದುಕೊಂಡು ದೂರಿನ ನಂಬರ್ ಕೊಟ್ಟರು. ಅವಳು ಅದನ್ನು ಚೀಟಿಯಲ್ಲಿ ಬರೆದು ಕುಪ್ಪಸಕ್ಕೆ ಸಿಕ್ಕಿಸಿಕೊಂಡಳು. ಹೊರಗೆ ಬಂದು ತಲೆ ಎತ್ತಿ ನಡೆದಳು.

ಸೋಮವಾರ ಬೆಳಿಗ್ಗೆ ಏಳು ಗಂಟೆ. ಎಂಟು ಹೆಂಗಸರೂ ಬುತ್ತಿ ಹಿಡಿದು ನಿಂತಿದ್ದರು. ಯಾರೂ ಜೀಪು ಹತ್ತಿರಲಿಲ್ಲ. ಡೀಸೆಲ್‌ಗೆಂದು ಇಟ್ಟಿದ್ದ ದುಡ್ಡಿನಲ್ಲಿ ನಾಗರಾಜು ಸಾವಿರದ ಇನ್ನೂರನ್ನು ಹೆಂಡತಿಯ ಕೈಗೆ ಕೊಟ್ಟಿದ್ದ. ಅವಳು ಅದನ್ನು ಲಿಂಗಮ್ಮನಿಗೆ ಕೊಟ್ಟಳು. ಲಿಂಗಮ್ಮ ದುಡ್ಡು ತೆಗೆದುಕೊಂಡಳು, ಆದರೆ ಕಾಲು ಎತ್ತಲಿಲ್ಲ.

"ಎಲ್ಲಿ ಹೋಗಿತ್ತು ಅಂತ ಕೇಳಿದ್ದೆ."

ಸರ್ವಮಂಗಳ ಬಾಯಿ ತೆರೆಯಬೇಕು, ಅಷ್ಟರಲ್ಲಿ ಚಲುವಮ್ಮ ಕೋಲೂರಿಕೊಂಡು ಮನೆಯಿಂದ ಬಂದರು. ಸೊಸೆ ತನ್ನ ಹೆಸರು ಎತ್ತುವುದಿಲ್ಲ, ಎಲ್ಲವನ್ನೂ ತನ್ನ ಮೇಲೇ ಹಾಕಿಕೊಳ್ಳುತ್ತಾಳೆ ಅಂತ ಅವರಿಗೆ ಗೊತ್ತಿತ್ತು.

"ಲಿಂಗಾ, ಅವಳನ್ನ ಕೇಳಬೇಡ, ನನ್ನ ಕೇಳು. ನಾನು ಆಟ ಆಡಿ ಕಳೆದೆ. ಅವಳು ನಿಮಗೆ ಹಾಡು ಕೇಳ್ಸಕ್ಕೆ ಹೋಗಿ ಕಳೆದ್ಲು. ಇಬ್ರೂ ಒಂದು ರೂಪಾಯಿ ಅಂತ ನಂಬಿದ್ವಿ. ನನ್ನ ಸೊಸೆ ಎರಡು ವಾರ ತನ್ನ ಕೂಲಿಯಿಂದ ನಿಮಗೆ ತುಂಬಿಸಿ ಕೊಟ್ಟವ್ಳೆ. ಅದನ್ನ ಯಾರಿಗಾದ್ರೂ ಹೇಳಿದ್ಲಾ? ಕಳ್ಳಿ ಅನ್ನೋದಾದ್ರೆ ನನ್ನ ಅನ್ರವ್ವ. ಅವಳನ್ನ ಅನ್ಬೇಡಿ."

ಸರ್ವಮಂಗಳ ಫೋನು ತೆರೆದು ಎಲ್ಲರಿಗೂ ತೋರಿಸಿದಳು. ದಿನಾಂಕ, ಮೊತ್ತ, ರದ್ದು ಮಾಡಿದ್ದು, ದೂರಿನ ನಂಬರು. ಒಬ್ಬರಾದ ಮೇಲೆ ಒಬ್ಬರು ಇಣುಕಿ ನೋಡಿದರು. ಲಿಂಗಮ್ಮ ತುಂಬಾ ಹೊತ್ತು ನೋಡಿದಳು. ಅವಳಿಗೆ ಓದಲು ಬರುವುದು ಅಷ್ಟಕ್ಕಷ್ಟೇ. ಆದರೆ ಅಂಕಿ ಬರುತ್ತದೆ.

"ಅಲ್ಲ ಮಂಗಳಾ... ಈ ತೊಂಬತ್ತೊಂಬತ್ತು ಅನ್ನೋದು ನನ್ನ ಫೋನಿಗೂ ಬತ್ತದೆ ಕಣೇ. ಪ್ರತಿ ತಿಂಗಳು. ಕರೆನ್ಸಿ ಖಾಲಿ ಆಗಿರಬೇಕು ಅಂತ ನಾನು ಸುಮ್ನಿದ್ದೆ" ಎಂದು ಲಿಂಗಮ್ಮ ಚೀಲದೊಳಗಿಂದ ತನ್ನ ಫೋನು ತೆಗೆದಳು. "ಒಸಿ ನೋಡು."

ನೋಡಿದರೆ ದಿನ ಭವಿಷ್ಯ ಹೇಳುವ ಒಂದು ಆಪು! ಯಾವಾಗಲೋ ಮಗಳ ಮದುವೆಗೆ ಜಾತಕದ ಕೂಟ ನೋಡಲು ಒತ್ತಿದ್ದಂತೆ. ಏಳು ತಿಂಗಳಿನಿಂದ ಸದ್ದಿಲ್ಲದೆ ತಿನ್ನುತ್ತಾ ಕೂತಿತ್ತು.

"ಮುಂದೆ ಆಗೋದು ಹೇಳ್ತೀನಿ ಅಂದವನು ನನ್ನ ದುಡ್ಡು ಹೋಗ್ತದೆ ಅಂತ ಮಾತ್ರ ಹೇಳ್ಲಿಲ್ಲ ನೋಡು, ಅವನ ಮನೆ ಹಾಳಾಗ!" ಎಂದು ಲಿಂಗಮ್ಮ ಹಣೆ ಚಚ್ಚಿಕೊಂಡಳು. ಹೆಂಗಸರು ಗೊಳ್ಳೆಂದು ನಕ್ಕರು. ಎರಡು ದಿನದಿಂದ ಕಟ್ಟಿಕೊಂಡಿದ್ದ ಉಸಿರೆಲ್ಲ ಆ ನಗುವಿನಲ್ಲಿ ಹೊರಗೆ ಬಂತು. ಆಮೇಲೆ ಕೇಳಬೇಕೇ? "ನಂದು ನೋಡು", "ನಂದು ನೋಡು" ಎಂದು ಉಳಿದ ಏಳು ಕೈ ಚಾಚಿದವು. ಎಸ್ಟೇಟಿನಿಂದ ರೈಟರು ಮೂರು ಸಲ ಫೋನ್ ಮಾಡಿದರು. ಯಾರೂ ಎತ್ತಲಿಲ್ಲ.

ಜೀಪು ಹೊರಟ ಮೇಲೆ ಹಾಡಿನ ಮಾತು ಬಂತು. ಇನ್ನು ಹಾಡೇ ಬೇಡ ಎಂದು ಒಬ್ಬಳು ಅಂದಳು. ಪುಕ್ಕಟೆ ಸಿಗುವಾಗ ದುಡ್ಡು ಯಾಕೆ ಎಂದು ಇನ್ನೊಬ್ಬಳು.

"ಹಾಡಿಗೆ ಕಾಸು ಕೊಡೋದು ತಪ್ಪಲ್ಲ" ಎಂದಳು ಸರ್ವಮಂಗಳ. "ಹಾಡಿದವರೂ ನಮ್ಮಂಗೆ ಕೆಲಸ ಮಾಡಿರ್ತಾರೆ, ಅವರಿಗೂ ಕೂಲಿ ಬೇಕು. ಕೇಳಿ ತಗೊಳ್ಳಲಿ, ಕೊಡಾನ. ಕೇಳದೆ ಜೇಬಿಗೆ ಕೈ ಹಾಕಿದ್ರೆ ಸುಮ್ನಿರೋದು ಬೇಡ. ತಿಂಗಳಿಗೆ ಇಷ್ಟು ಅಂತ ಬಾಯಿ ಬಿಟ್ಟು ಹೇಳೋ ಆಪು ಇದ್ರೆ ಎಲ್ಲರೂ ಸೇರಿ ಹಾಕಾನ. ಆಟೋಪೇ ಇಲ್ಲದೆ. ಬೇಕಾದ ತಿಂಗಳು ಮಾತ್ರ."

ಲಿಂಗಮ್ಮ ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿ ತೆಗೆದಳು. "ತಗೊ, ನನ್ನ ಪಾಲು. ಮೊನ್ನೆ ಬೇರೆ ಮೇಸ್ತ್ರಿ ಅಂದ್ನಲ್ಲ, ಅದನ್ನ ಮನಸ್ಸಿಗೆ ಹಾಕ್ಕೋಬೇಡ ಕಣವ್ವ. ಲೆಕ್ಕ ತಪ್ಪದ ಮೇಸ್ತ್ರಿ ಎಲ್ಲಾದ್ರೂ ಸಿಗ್ತಾಳೆ. ತಪ್ಪಿದ್ದನ್ನ ಎಲ್ಲರ ಎದುರಿಗೆ ಬಿಚ್ಚಿ ಇಡೋಳು ಸಿಗಲ್ಲ."

ಸರ್ವಮಂಗಳ ಹತ್ತು ರೂಪಾಯಿ ನೋಟನ್ನು ಬಿಗಿಯಾಗಿ ಹಿಡಿದುಕೊಂಡಳು.

ದೂರು ಕೊಟ್ಟ ಹದಿನೆಂಟನೆಯ ದಿನ ಹಾಡಿನ ಕಂಪನಿ ಎಂಟುನೂರ ತೊಂಬತ್ತೊಂಬತ್ತನ್ನೂ ವಾಪಸು ಹಾಕಿತು. ಆಟದವರು ಕೊನೆಯ ವಾರದ್ದು ಮಾತ್ರ ಕೊಟ್ಟರು, ಹಿಂದಿನ ಎರಡು ವಾರದ್ದು ಬರಲಿಲ್ಲ. ಸರ್ವಮಂಗಳ ಆ ದೂರನ್ನು ಇನ್ನೂ ಬಿಟ್ಟಿಲ್ಲ. ಚಲುವಮ್ಮ ಈಗಲೂ ಹಣ್ಣು ಜೋಡಿಸುತ್ತಾರೆ. ಜೀವ ಮುಗಿದರೆ ಫೋನು ಕೆಳಗಿಟ್ಟು, ಪಕ್ಕದ ಮನೆಯ ಹೆಂಗಸರನ್ನು ಕರೆದು ಅವರ ಫೋನಿನ ಮೂಲೆಯಲ್ಲಿ 'ಬೇಡ' ಎಲ್ಲಿದೆ ಅಂತ ಹುಡುಕಿ ತೋರಿಸುತ್ತಾರೆ.

ಈಗ ನಿಮ್ಮ ಸರದಿ. ಇದನ್ನು ಸಂಘದಲ್ಲಿ ಕೂತು ಕೇಳುತ್ತಿರುವ ಅಕ್ಕ, ರೇಡಿಯೊ ಹಚ್ಚಿಕೊಂಡು ಕೆಲಸ ಮಾಡುತ್ತಿರುವ ಅಣ್ಣ, ಮನೆಗೆ ಹೋಗುವವರೆಗೂ ಕಾಯಬೇಡಿ. ಹಣ ಕಳಿಸುವ ಆಪಿನಲ್ಲಿ ಆಟೋಪೇ ಎಲ್ಲಿದೆ ಎಂದು ಈಗಲೇ ತೆರೆದು ನೋಡಿ. ಬೇಡದ್ದನ್ನು ರದ್ದು ಮಾಡಿ. ಬರೀ ಆಪು ಅಳಿಸಿದರೆ ಸಾಲದು, ನೆನಪಿರಲಿ. ಒಂದು ರೂಪಾಯಿ ಎಂದರೆ ಆಮೇಲೆ ಎಷ್ಟು ಎಂದು ಹುಡುಕಿ ಓದಿ. ಕಣ್ಣು ಕಾಣದಿದ್ದರೆ, ಇಂಗ್ಲಿಷ್ ಬಾರದಿದ್ದರೆ ಕೇಳಿ ಓದಿಸಿಕೊಳ್ಳಿ. ಪಿನ್ ನಂಬರನ್ನು ಅತ್ತೆಗೂ ಹೇಳಬೇಡಿ, ಸೊಸೆಗೂ ಹೇಳಬೇಡಿ. ಅನ್ಯಾಯವಾಗಿ ಹಣ ಕಡಿದಿದ್ದರೆ ಮೊದಲು ಕಂಪನಿಗೆ ದೂರು ಕೊಡಿ, ಕೇಳದಿದ್ದರೆ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಿ, ಜೋರಾಗಿಯೇ ಮಾತಾಡಿ.

ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ಹೆದರಿಕೊಂಡು ಸುಮ್ಮನೆ ಕೂತಿರಬಹುದು. ಅವರನ್ನು ಬೈಯಬೇಡಿ. ಪಕ್ಕದಲ್ಲಿ ಕೂತು, "ಬಾ, ನಿನ್ನ ಫೋನು ಒಟ್ಟಿಗೆ ನೋಡೋಣ" ಎನ್ನಿ.